ಕಾರ್ಡಿನ ಮೂಲೆಯ ಚುಕ್ಕಿ

ಸಮುದಾಯ ಕಾಲೇಜಿನ ಮೆಟ್ಟಿಲ ಕೆಳಗೊಂದು ಕೋಣೆ. ಬಾಗಿಲ ಮೇಲೆ 'ಉದ್ಯೋಗ ಮಾಹಿತಿ' ಎಂಬ ಹಲಗೆ. ಆ ಕೋಣೆಗೆ ಬರುತ್ತಿದ್ದ ಪ್ರತಿ ಕಾಗದವನ್ನೂ ಮೇಷ್ಟ್ರು ಮೊದಲು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ತಲೆಯನ್ನು ಎಡಭುಜದ ಕಡೆ ವಾಲಿಸಿ, ಕಣ್ಣು ಕಿರಿದು ಮಾಡಿ ಓದುತ್ತಿದ್ದರು. 'ಉತ್ಸಾಹಿ ಯುವಕ ಯುವತಿಯರು ಬೇಕಾಗಿದ್ದಾರೆ' ಎಂದಿದ್ದರೆ ಗಂಟಲಲ್ಲೇ ಒಂದು ಶಬ್ದ ಹೊರಡುತ್ತಿತ್ತು. 'ಉಜ್ವಲ ಭವಿಷ್ಯ' ಎಂದಿದ್ದರೆ ಕಾಗದ ಮಗುಚಿ ಬೀಳುತ್ತಿತ್ತು.

"ಭವಿಷ್ಯ ಇವನ ಕೈಲೇ ಇದ್ದಿದ್ರೆ ನಮ್ಮ ಕಾಲೇಜಿಗೆ ಯಾಕೆ ಕಾಗದ ಬರೀತಿದ್ದ?" ಎಂದು ಅವರು ಕೇಳುತ್ತಿದ್ದದ್ದು ಗೋಡೆಯನ್ನು.

ಪಾಠ ಮಾಡುವ ಕೆಲಸ ಅವರದಲ್ಲ. ಕಚೇರಿಯ ಸಹಾಯಕರಾಗಿ ಬಂದವರು, ಆ ಕೋಣೆ ಯಾರಿಗೂ ಬೇಡವಾಗಿದ್ದರಿಂದ ಅವರ ಪಾಲಿಗೆ ಬಂತು. ಆದರೂ ಹುಡುಗರು ಮೇಷ್ಟ್ರೇ ಎಂದರು. ಬೆನ್ನ ಹಿಂದೆ ಅನುಮಾನದ ಮೇಷ್ಟ್ರು ಎಂದರು. ಇಪ್ಪತ್ತೊಂದು ವರ್ಷ ಅಲ್ಲಿ ಕೂತರು. ಅವರು ತೀರಿಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಬೂದುಬಣ್ಣದ ಸ್ವೆಟರ್ ಅಲ್ಲೇ ಇದೆ. ತೆಗೆಯುವ ಕೆಲಸವನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದಾರೆ.

ಅವರ ಅನುಮಾನಕ್ಕೆ ಒಂದು ಬೇರು ಇತ್ತು, ಅದು ಮೇಜಿನ ಗಾಜಿನಡಿಯಲ್ಲೇ ಎಲ್ಲರಿಗೂ ಕಾಣುವಂತಿತ್ತು: ಅಂಚು ಹಳದಿಯಾದ ಒಂದು ಪ್ರಮಾಣಪತ್ರ. ಹತ್ತೊಂಬತ್ತರ ವಯಸ್ಸಿನಲ್ಲಿ ಅವರು ಒಂದು ಮುದ್ರಣಾಲಯಕ್ಕೆ ತರಬೇತಿಗೆಂದು ಸೇರಿದ್ದರು. ಹನ್ನೊಂದು ತಿಂಗಳು ಕಟ್ಟು ಕಟ್ಟಿದರು, ನೆಲ ಗುಡಿಸಿದರು, ಬಾಗಿಲು ತೆಗೆದರು, ಹಾಕಿದರು. ಕೊನೆಯ ದಿನ ಮಾಲೀಕ ಬೆನ್ನು ತಟ್ಟಿ, 'ಕಾಗದ ಕತ್ತರಿಸುವ ಯಂತ್ರದಲ್ಲಿ ಸಂಪೂರ್ಣ ಪರಿಣತಿ ಪಡೆದಿರುತ್ತಾರೆ' ಎಂದು ಬರೆದು ಮೊಹರು ಒತ್ತಿ ಕೊಟ್ಟ. ಆ ಯಂತ್ರವನ್ನು ಅವರು ಮುಟ್ಟಿಯೇ ಇರಲಿಲ್ಲ. ಮುಂದಿನ ಮುದ್ರಣಾಲಯದವರು ಕಾಗದ ಓದಿ ನೇರ ಅದೇ ಯಂತ್ರದ ಮುಂದೆ ನಿಲ್ಲಿಸಿದರು. ಮೂರನೆಯ ದಿನ ಬಲಗೈಯ ಎರಡು ಬೆರಳ ತುದಿ ಹೋದವು. ಅಂದಿನಿಂದ ಪೆನ್ಸಿಲನ್ನು ಹೆಬ್ಬೆರಳು ಮತ್ತು ಉಂಗುರದ ಬೆರಳ ನಡುವೆ ಹಿಡಿದು ಬರೆಯುತ್ತಿದ್ದರು. ಆದರೂ ಅವರ ಅಕ್ಷರ ಕಾಲೇಜಿನಲ್ಲೇ ಚೆಂದ.

ಹೊಸ ಹುಡುಗ ಹುಡುಗಿಯರು ಬಂದರೆ ಮೊದಲು ಆ ಕಾಗದ ತೋರಿಸುತ್ತಿದ್ದರು, ಆಮೇಲೆ ಕೈ.

"ಕೆಲಸ ಕೊಡದೆ ಇರೋರಿಗೆ ಹೆದರಬೇಡಿ. ಕೆಲಸ ಕಲಿಸದೆ ಕಾಗದ ಕೊಡ್ತಾರಲ್ಲ, ಅವರಿಗೆ ಹೆದರಿ."

ಬಯೋಡೇಟಾ ತಂದವರಿಗೂ ಇದೇ ಮರ್ಯಾದೆ. "ಕಷ್ಟಪಟ್ಟು ದುಡಿಯುವವನು ಅಂತ ಬರ್ದಿದೀಯ. ಸೋಂಬೇರಿನೂ ಅದನ್ನೇ ಬರೀತಾನಪ್ಪ! ಅಳಿಸು. ನಿಮ್ಮ ಚಿಕ್ಕಪ್ಪನ ಅಂಗಡೀಲಿ ಎರಡು ವರ್ಷ ಸಾಮಾನು ಇಳಿಸ್ಕೊಂಡೆ ಅಂದ್ಯಲ್ಲ? ಏನು ಸಾಮಾನು, ದಿನಕ್ಕೆ ಎಷ್ಟು, ಒಂದಾದ್ರೂ ತಪ್ಪಿತ್ತಾ, ಅದು ಬರಿ. ಓದೋನಿಗೆ ನಂಬಿಕೆ ಬರ್ಬೇಕು."

ತರಬೇತಿಗೆ ಹೋಗುವವರಿಗೆ ಮೂರು ಪ್ರಶ್ನೆ ಬಾಯಿಪಾಠ ಮಾಡಿಸುತ್ತಿದ್ದರು. ನನಗೆ ಕಲಿಸೋರ ಹೆಸರೇನು? ಮೊದಲನೇ ವಾರ ನನ್ನ ಕೈಗೆ ಏನು ಕೊಡ್ತೀರ? ನನಗಿಂತ ಮುಂಚೆ ಬಂದವರು ಈಗ ಎಲ್ಲಿದ್ದಾರೆ? ಮೂರನೆಯದಕ್ಕೆ ಯಾರಾದರೂ ತಡವರಿಸಿದರೆ ಚೀಲ ಎತ್ತಿಕೊಂಡು ಎದ್ದು ಬರಬೇಕು.

ಅವರು ಬರೀ ಮಾತಿನ ಮನುಷ್ಯರಲ್ಲ. ಯಾವ ಜಾಗದಿಂದ ಕಾಗದ ಬಂದರೂ ಖುದ್ದಾಗಿ ಹೋಗಿ ನೋಡುತ್ತಿದ್ದರು. ಮ್ಯಾನೇಜರನ್ನು ಕಾಣುವ ಮೊದಲು ಕಾವಲುಗಾರನನ್ನು ಮಾತಾಡಿಸುತ್ತಿದ್ದರು. ಊಟದ ಡಬ್ಬಿ ಇಡಲು ಜಾಗವಿದೆಯೇ, ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆಯೇ ನೋಡುತ್ತಿದ್ದರು. ಸಂಜೆ ಐದಕ್ಕೆ ಎದುರುಗಡೆ ರಸ್ತೆಯಲ್ಲಿ ನಿಂತು ಜನ ಹೊರಗೆ ಬರುವುದನ್ನು ಗಮನಿಸುತ್ತಿದ್ದರು. ಗೇಟಿನ ಬಳಿ ನಿಂತು ನಾಲ್ಕು ಮಾತಾಡಿ ನಕ್ಕು ಹೊರಟರೆ ಜಾಗ ಒಳ್ಳೆಯದು. ತಲೆ ತಗ್ಗಿಸಿ ಬಿರಬಿರನೆ ನಡೆದರೆ ಎಲ್ಲೋ ಏನೋ ಕೆಟ್ಟಿದೆ.

ನೋಡಿ ಬಂದ ಮೇಲೆ ವಿವರವನ್ನು ಒಂದು ಕಾರ್ಡಿನ ಮೇಲೆ ಬರೆದು ಹಲಗೆಗೆ ಚುಚ್ಚುತ್ತಿದ್ದರು. ಮನಸ್ಸು ಒಪ್ಪದಿದ್ದರೆ ಕಾರ್ಡಿನ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ. ಸಾಸಿವೆಕಾಳಿಗಿಂತ ಚಿಕ್ಕದು. 'ಇನ್ನೊಮ್ಮೆ ನೋಡಬೇಕು' ಎಂದು ತಮಗೆ ತಾವೇ ಇಟ್ಟುಕೊಂಡ ಗುರುತು ಅದು. ಹೆಂಡತಿಗೂ, ದಿನಾ ಜೊತೆಯಲ್ಲಿ ಕೂತು ಊಟ ಮಾಡುತ್ತಿದ್ದ ಲೈಬ್ರರಿಯ ಗೆಳೆಯನಿಗೂ ಅದನ್ನು ಹೇಳಿರಲಿಲ್ಲ.

ಹಾಗೆ ಎರಡು ವರ್ಷದಿಂದ ಚುಕ್ಕಿ ಹೊತ್ತು ನಿಂತಿದ್ದ ಕಾರ್ಡು ಕನ್ನಡಕದ ಗಾಜನ್ನು ಕಣ್ಣಿನ ಅಳತೆಗೆ ತಕ್ಕಂತೆ ಉಜ್ಜುವ ಒಂದು ಕಾರ್ಯಾಗಾರದ್ದು. ಮೊದಲ ಸಲ ನೋಡಲು ಹೋದಾಗ ಅಲ್ಲಿನ ಮೇಲ್ವಿಚಾರಕಿ ಅವರನ್ನು ಬಾಗಿಲಲ್ಲೇ ತಡೆದಿದ್ದಳು. "ಒಳಗೆ ಬಿಡೋಕಾಗಲ್ಲ, ಧೂಳು ಬರುತ್ತೆ." ಧೂಳಂತೆ! ಮೂರು ಸಂಜೆ ಎದುರಿನ ಮರದ ಕೆಳಗೆ ನಿಂತರು. ಮೂರೂ ಸಂಜೆ ಜನ ಒಬ್ಬರಿಗೊಬ್ಬರು ಮಾತಾಡದೆ ಸರಸರನೆ ಹೋದರು. ಅದಾದ ಮೇಲೆ ಆ ಕಾರ್ಯಾಗಾರ ಮೂರು ತಿಂಗಳಿಗೊಮ್ಮೆ ತರಬೇತಿಗೆ ಇಬ್ಬರನ್ನು ಕೇಳುತ್ತಲೇ ಇತ್ತು. ಹೋದವರು ಕಾಗದ ಕೈಗೆ ಬಂದ ಮರುದಿನವೇ ಬಿಟ್ಟು ಬರುತ್ತಿದ್ದರು. ಮೇಷ್ಟ್ರ ನೋಟ್‌ಪುಸ್ತಕದಲ್ಲಿ 'ಹೋದವರು' ಎಂಬ ಕಡೆ ಹದಿನಾರು ಹೆಸರು. 'ಉಳಿದವರು' ಎಂಬ ಕಡೆ ಒಂದೂ ಇಲ್ಲ.

"ನಾನು ಹೇಳಲಿಲ್ವಾ?" ಎಂದು ಲೈಬ್ರರಿಯವರಿಗೆ ಪುಸ್ತಕ ತೋರಿಸಿದ್ದರು. "ಮೂರನೇ ಪ್ರಶ್ನೆಗೆ ಅವಳತ್ರ ಉತ್ತರ ಇಲ್ಲ."

ಇಸ್ತ್ರಿಯಕ್ಕ ಅವರ ಕೋಣೆಗೆ ಬಂದದ್ದು ಒಂದು ಮಂಗಳವಾರ. ಕನ್ನಡಕ ತಯಾರಿಯ ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು, ಮೂವತ್ತೆಂಟು. ಅದಕ್ಕೆ ಮೊದಲು ಹನ್ನೆರಡು ವರ್ಷ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದವಳು. ಉಗಿಗೆ ಮೊಣಕೈವರೆಗೆ ಚರ್ಮ ಕಪ್ಪಾಗಿತ್ತು, ನಿಂತೂ ನಿಂತೂ ಸೊಂಟ ಕೈಕೊಟ್ಟಿತ್ತು. ಕೂತು ಮಾಡುವ ಕೆಲಸ ಕಲಿಯಬೇಕೆಂದು ಮಗಳ ಜೊತೆಗೇ ಕಾಲೇಜಿಗೆ ಸೇರಿದ್ದಳು. ತರಗತಿಯ ಹುಡುಗರು ಇಟ್ಟ ಹೆಸರನ್ನು ಅವಳು ಬೇಡ ಎನ್ನಲಿಲ್ಲ.

ತೇರ್ಗಡೆಯಾಗಲು ಮೂರು ತಿಂಗಳ ತರಬೇತಿ ಕಡ್ಡಾಯ. ಶುಕ್ರವಾರದೊಳಗೆ ಯಾವುದಾದರೂ ಜಾಗದ ಒಪ್ಪಿಗೆ ಪತ್ರ, ಅದರ ಕೆಳಗೆ ಮೇಷ್ಟ್ರ ಸಹಿ, ಎರಡೂ ಕಚೇರಿಗೆ ಸೇರಬೇಕು. ಮುಂದಿನ ವರ್ಷ ನೋಡೋಣ ಎನ್ನುವಂತಿರಲಿಲ್ಲ. ಆ ತರಗತಿಯನ್ನು ಕಾಲೇಜು ಮುಚ್ಚುತ್ತಿತ್ತು. ಇದೇ ಕೊನೆಯ ತಂಡ. ಉಳಿದವರಿಗೆಲ್ಲ ಜಾಗ ಸಿಕ್ಕಿತ್ತು. ಇವಳನ್ನು ಎರಡು ಅಂಗಡಿಯವರು ವಯಸ್ಸು ಕೇಳಿ ವಾಪಸು ಕಳಿಸಿದ್ದರು.

"ಗಾಜು ಉಜ್ಜೋ ಕಾರ್ಯಾಗಾರಕ್ಕೆ ಬರ್ಕೊಡಿ ಮೇಷ್ಟ್ರೆ," ಎಂದಳು.

"ಅದು ಬೇಡಮ್ಮ."

"ಯಾಕೆ?"

"ಬೇಡ ಅಂದ್ರೆ ಬೇಡ. ಅಲ್ಲಿ ಕಲಿಸೋದಿಲ್ಲ. ಹದಿನಾರು ಜನ ಹೋದ್ರು, ಒಬ್ಬರೂ ನಿಲ್ಲಲಿಲ್ಲ. ನೀನು ಮೂರು ತಿಂಗಳು ಟೀ ಲೋಟ ತೊಳೆದು ಬರ್ತೀಯ, ಅಷ್ಟೇ."

"ಲೋಟ ತೊಳೆದಾದ್ರೂ ಬರ್ತೀನಿ. ಚುಕ್ಕಿ ಇದ್ರೂ ಪರವಾಗಿಲ್ಲ, ಸಹಿ ಹಾಕಿ."

ಮೇಷ್ಟ್ರ ಪೆನ್ಸಿಲು ನಿಂತಿತು. "ಯಾವ ಚುಕ್ಕಿ?"

"ನೀವು ಇಡ್ತೀರಲ್ಲ ಮೇಷ್ಟ್ರೆ, ಮೂಲೇಲಿ."

"ನಿನಗೆ ಯಾರು ಹೇಳಿದ್ರು?"

ಇಸ್ತ್ರಿಯಕ್ಕ ಅವರನ್ನೇ ನೋಡಿದಳು, ತಮಾಷೆ ಮಾಡುತ್ತಿದ್ದಾರೋ ಏನೋ ಎಂಬಂತೆ. "ಹೇಳೋದೇನು? ಕಾಲೇಜಿಗೆ ಸೇರಿದ ಮೊದಲನೇ ದಿನವೇ ಎಲ್ರಿಗೂ ಗೊತ್ತಾಗುತ್ತೆ. ಕ್ಯಾಂಟೀನ್ ಎಲ್ಲಿ, ನೀರು ಎಲ್ಲಿ, ಮೇಷ್ಟ್ರ ಚುಕ್ಕಿ ಅಂದ್ರೆ ಏನು. ಚುಕ್ಕಿ ಇರೋ ಕಡೆ ಮೋಸ. ಹೋಗ್ಲೇಬೇಕಾಗಿ ಬಂದ್ರೆ ತಲೆ ಕೆಡಿಸ್ಕೋಬಾರ್ದು, ದಿನ ತಳ್ಳಿ ಕಾಗದ ಇಸ್ಕೊಂಡು ಬಂದ್ಬಿಡ್ಬೇಕು. ನಮ್ಮ ಹಿಂದಿನ ತಂಡದೋರು ಹಾಗೇ ಹೇಳ್ಕೊಟ್ಟಿದ್ದು."

"ಅದು ಮೋಸ ಅಂತ ಅಲ್ಲಮ್ಮ... ನಾನು ಇನ್ನೊಂದ್ಸಲ ನೋಡ್ಬೇಕು ಅಂತ."

"ನೋಡಿದ್ರಾ?"

ಮೇಷ್ಟ್ರು ಪೆನ್ಸಿಲನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಅನುಮಾನ ಬಗೆಹರಿಯೋ ಅಷ್ಟರಲ್ಲಿ ನನ್ನ ಶುಕ್ರವಾರ ಮುಗಿದಿರುತ್ತೆ," ಎಂದು ಇಸ್ತ್ರಿಯಕ್ಕ ಎದ್ದಳು. "ಹುಡುಗರಿಗಾದ್ರೆ ಇನ್ನೊಂದು ವಯಸ್ಸಿದೆ ಮೇಷ್ಟ್ರೆ. ನನಗೆ ಮತ್ತೆ ಆ ಉಗಿಯೇ ಗತಿ."

ಆ ಸಂಜೆ ಮನೆಯಲ್ಲಿ ಮೇಷ್ಟ್ರು ಅನ್ನ ಕಲಸಿಕೊಂಡು ಹಾಗೇ ಕೂತಿದ್ದರು. ಹೆಂಡತಿ ಟೈಲರು, ಹೊಲಿಗೆ ಯಂತ್ರದ ಮುಂದಿನಿಂದ ಕತ್ತು ತಿರುಗಿಸಿ, "ಏನು, ಅನ್ನದ ಮೇಲೂ ಅನುಮಾನವಾ?" ಎಂದಳು.

ಮೇಷ್ಟ್ರು ಚುಕ್ಕಿಯ ಕಥೆ ಹೇಳಿದರು. ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಒಂದ್ಮಾತು ಕೇಳಲಾ? ಆ ಹದಿನಾರು ಜನ ನಿಲ್ಲಲಿಲ್ಲ ಅಂತ ಚುಕ್ಕಿ ಇಟ್ರೋ, ಚುಕ್ಕಿ ಇತ್ತು ಅಂತ ಅವರು ನಿಲ್ಲಲಿಲ್ವೋ?"

"ಚುಕ್ಕಿ ಮೊದಲು," ಎಂದರು ಮೇಷ್ಟ್ರು, ತಟ್ಟೆಯನ್ನು ಪಕ್ಕಕ್ಕೆ ಸರಿಸಿ.

"ಹಾಲಿನ ಪ್ಯಾಕೆಟ್ ಎರಡೆರಡು ಸಲ ಮೂಸಿ ನೋಡೋ ಮನುಷ್ಯ ನೀವು. ಇದನ್ನ ಒಂದ್ಸಲನೂ ಮೂಸಲಿಲ್ವಲ್ಲ."

ಬುಧವಾರ ಅವರು ಆ ಹದಿನಾರರಲ್ಲಿ ಏಳು ಜನರಿಗೆ ಫೋನು ಮಾಡಿದರು. ಎಲ್ಲರಿಗೂ ಒಂದೇ ಪ್ರಶ್ನೆ: ಅಲ್ಲಿ ನಿನಗೆ ಕಲಿಸಲಿಲ್ವಾ? ಐದು ಜನ ಒಂದೇ ಉತ್ತರ ಕೊಟ್ಟರು. "ಕಲಿಸ್ತಾ ಇದ್ರೇನೋ ಮೇಷ್ಟ್ರೆ. ನಾವು ಕೇಳಲಿಲ್ಲ. ಚುಕ್ಕಿ ಇತ್ತಲ್ಲ." ಆರನೆಯವನು, "ಏನಾಯ್ತು, ಕೇಸ್ ಆಯ್ತಾ?" ಎಂದು ಖುಷಿಯಿಂದ ಕೇಳಿದ. ಏಳನೆಯವಳಿಗೆ ಆ ಜಾಗವೇ ಸರಿಯಾಗಿ ನೆನಪಿರಲಿಲ್ಲ.

ಹಾಗೆಂದು ಅನುಮಾನ ಪೂರ್ತಿ ಹೋಯಿತೆಂದಲ್ಲ. ಬಾಗಿಲಲ್ಲಿ ತಡೆದದ್ದು ನಿಜ ತಾನೆ? ಮೂರು ಸಂಜೆ ಜನ ತುಟಿ ಬಿಚ್ಚದೆ ಹೋದದ್ದು ಕಣ್ಣಾರೆ ಕಂಡದ್ದಲ್ಲವೇ? ಗುರುವಾರ ಬೆಳಿಗ್ಗೆ ಇಸ್ತ್ರಿಯಕ್ಕನನ್ನು ಕರೆದುಕೊಂಡು ಬಸ್ಸು ಹತ್ತಿದಾಗಲೂ ಅವರ ಜೇಬಿನಲ್ಲಿ ಮೂರು ಪ್ರಶ್ನೆಗಳು ತಯಾರಾಗಿಯೇ ಇದ್ದವು.

ಕಾರ್ಯಾಗಾರ ಎರಡನೆಯ ಮಹಡಿಯಲ್ಲಿ. ಮೇಲ್ವಿಚಾರಕಿ ಬಾಗಿಲು ಅರ್ಧ ತೆರೆದಳು. ಐವತ್ತು ದಾಟಿದ, ತೋಳು ಮಡಚಿದ ಹೆಂಗಸು. ಮೇಷ್ಟ್ರನ್ನು ಕಂಡು ಅವಳ ಹುಬ್ಬು ಮೇಲೇರಿತು.

"ಓಹೋ, ಮರದ ಕೆಳಗಿನವರು!"

"ಏನಂದ್ರಿ?"

"ಎರಡು ವರ್ಷದ ಹಿಂದೆ ಮೂರು ದಿನ ಆ ಮರದ ಕೆಳಗೆ ನಿಂತು ನಮ್ಮ ಹುಡುಗೀರನ್ನ ದುರುಗುಟ್ಟಿ ನೋಡ್ತಿದ್ರಲ್ಲ, ನೀವೇ ತಾನೆ? ಕತ್ತು ಓರೆ ಮಾಡ್ಕೊಂಡು? ಯಾವನೋ ಕೆಟ್ಟ ಮನುಷ್ಯ ಬಂದಿದಾನೆ, ಯಾರೂ ನಿಂತು ಮಾತಾಡ್ಬೇಡಿ, ಸೀದಾ ಬಸ್ ಸ್ಟಾಪಿಗೆ ನಡೀರಿ ಅಂತ ನಾನೇ ಹೇಳಿದ್ದೆ. ಮೇಲಿಂದ ಮುಖ ಕಾಣಲಿಲ್ಲ, ಬಾಗಿಲಿಗೆ ಬಂದಿದ್ದ ಕಾಲೇಜಿನೋರೇ ಅಂತ ಆಮೇಲೆ ಕಾವಲುಗಾರ ಹೇಳಿದ."

ಇಸ್ತ್ರಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೇಷ್ಟ್ರ ಕಿವಿ ಕೆಂಪಾಯಿತು.

"ಇವರಿಗೆ ತರಬೇತಿ ಜಾಗ ಬೇಕಿತ್ತು," ಎಂದರು.

"ನಿಮ್ಮ ಕಾಲೇಜಿನೋರು ಇನ್ಮೇಲೆ ಬೇಡ ಅಂತ ತೀರ್ಮಾನ ಮಾಡಿದೀನಿ. ಬಂದವರೆಲ್ಲ ಮೊದಲನೇ ದಿನದಿಂದಲೇ ಬಾಗಿಲ ಕಡೆ ಮುಖ ಮಾಡಿ ಕೂತಿರ್ತಾರೆ. ಯಂತ್ರ ತೋರಿಸಿದ್ರೆ ನಾನೇನೋ ಕದ್ದು ಮಾರ್ತಿದೀನಿ ಅನ್ನೋ ಹಾಗೆ ನೋಡ್ತಾರೆ. ಅಂಥವರಿಗೆ ಏನಂತ ಕಲಿಸಲಿ? ನಿಮ್ಮ ಕಾಲೇಜಲ್ಲೇ ಏನೋ ಮೋಸ ಇದೆ ಅಂತ ನನಗೆ ಅನುಮಾನ."

ಅನುಮಾನ ಎಂಬ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿ ಮೇಷ್ಟ್ರು ಜೇಬಿನಿಂದ ಕೈ ತೆಗೆದರು. ಆಮೇಲೆ, ಅಲ್ಲೇ ಮೆಟ್ಟಿಲ ಮೇಲೆ ನಿಂತು, ಚುಕ್ಕಿಯ ವಿಷಯ ಮೊದಲಿಂದ ಕೊನೆಯವರೆಗೆ ಹೇಳಿದರು. ಏನನ್ನೂ ಬಿಡಲಿಲ್ಲ.

"ತಪ್ಪು ನನ್ನದು. ಇವಳ ತಲೆಗೆ ಕಟ್ಬೇಡಿ."

ಮೇಲ್ವಿಚಾರಕಿ ಇಬ್ಬರನ್ನೂ ಅಳೆದಳು. "ಚಪ್ಪಲಿ ಬಿಡಿ. ಆ ಮೇಲಂಗಿ ಹಾಕ್ಕೊಳ್ಳಿ. ಧೂಳು ಅಂದ್ರೆ ಧೂಳೇ, ನೆಪ ಅಲ್ಲ."

ಒಳಗೆ ನೀರು ತೊಟ್ಟಿಕ್ಕುವ ಸದ್ದು, ಸಣ್ಣಗೆ ಗುಂಯ್‌ಗುಡುವ ಯಂತ್ರಗಳು, ಉದ್ದನೆಯ ಮೇಜಿನ ಎರಡೂ ಬದಿ ತಲೆ ಬಗ್ಗಿಸಿ ಕೂತ ಹತ್ತು ಹನ್ನೆರಡು ಜನ. ಮೇಲ್ವಿಚಾರಕಿ ಇಸ್ತ್ರಿಯಕ್ಕನ ಮುಂದೆ ಮೂರು ಗಾಜು ಇಟ್ಟಳು. "ಇದರಲ್ಲಿ ಎರಡು ಒಂದೇ ಥರ ಉಜ್ಜಿರೋದು. ಒಂದರ ಓರೆ, ಅಂದ್ರೆ ಉಜ್ಜಿರೋ ಕೋನ, ತಪ್ಪಿದೆ. ಯಂತ್ರಕ್ಕೆ ಇಡದೆ ಹೇಳು."

ಇಸ್ತ್ರಿಯಕ್ಕ ಗಾಜನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಸರಳಿನ ಮೇಲೆ ಕಣ್ಣಿಟ್ಟಳು. ಮೆಲ್ಲಗೆ ತಿರುಗಿಸಿದಳು. ಮೂರನ್ನೂ ನೋಡಿ, ಮತ್ತೆ ಮೊದಲಿನದನ್ನು ನೋಡಿ, ನಡುವಿನದನ್ನು ಪಕ್ಕಕ್ಕೆ ಸರಿಸಿದಳು. "ಇದನ್ನ ತಿರುಗಿಸಿದ್ರೆ ಸರಳು ಬೇಗ ಮುರಿದ ಹಾಗೆ ಕಾಣುತ್ತೆ."

"ಎಲ್ಲಿ ಕಲಿತೆ?"

"ಕಾಲೇಜಲ್ಲೇ. ಮತ್ತೆ, ಹನ್ನೆರಡು ವರ್ಷ ಶರ್ಟಿನ ಗೆರೆ ನೆಟ್ಟಗಿದೆಯಾ ಅಂತ ನೋಡಿದ ಕಣ್ಣು ಮೇಡಂ." ಮೇಷ್ಟ್ರ ಕಡೆ ತಿರುಗಿದಳು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಕನ್ನಡಕಾನೂ ಒಂದ್ಸಲ ನೋಡಿಸಿ. ತಲೆ ನೆಟ್ಟಗಿಟ್ರೆ ನಿಮಗೆ ಮೆಟ್ಟಿಲು ವಾಲಿದ ಹಾಗೆ ಕಾಣಲ್ವಾ?"

"ಕಾಣುತ್ತೆ. ಎಲ್ರಿಗೂ ಕಾಣುತ್ತೆ," ಎಂದರು ಮೇಷ್ಟ್ರು.

"ಯಾರಿಗೂ ಕಾಣಲ್ಲ ಮೇಷ್ಟ್ರೆ!"

ಯಾವ ಕಾಗದವನ್ನೂ ಎಸೆಯದ ಮನುಷ್ಯ ಅವರು. ಆರು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಬರೆದ ಚೀಟಿ ಕನ್ನಡಕದ ಡಬ್ಬಿಯಲ್ಲೇ ಮಡಚಿಕೊಂಡಿತ್ತು. ಮೇಲ್ವಿಚಾರಕಿ ಕನ್ನಡಕವನ್ನು ಅಳೆಯುವ ಯಂತ್ರಕ್ಕಿಟ್ಟು ಚೀಟಿಯ ಜೊತೆ ತಾಳೆ ನೋಡಿದಳು. ಎಡಗಣ್ಣಿನ ಗಾಜಿನ ಓರೆ ಚೀಟಿಯಲ್ಲಿದ್ದಂತೆ ಇರಲೇ ಇಲ್ಲ. ಯಾರೋ ತಪ್ಪಾಗಿ ಕೂರಿಸಿದ್ದರು. ಆರು ವರ್ಷ ಅದಕ್ಕೆ ಹೊಂದಿಕೊಳ್ಳಲು ಮೇಷ್ಟ್ರು ತಲೆ ವಾಲಿಸಿದ್ದರು, ಜಗತ್ತು ಅದನ್ನು ಅನುಮಾನ ಎಂದುಕೊಂಡಿತ್ತು. ಊರಿನ ಗೇಟುಗಳನ್ನೆಲ್ಲ ಕಾದು ನೋಡಿದವರು ತಮ್ಮ ಮೂಗಿನ ಮೇಲಿದ್ದದ್ದನ್ನು ಒಂದು ಸಲವೂ ಬೆಳಕಿಗೆ ಹಿಡಿದಿರಲಿಲ್ಲ.

ಯಂತ್ರಗಳ ಮುಂದಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ ಮೇಷ್ಟ್ರಿಗೆ ಆ ನಗು ಕೇಳಿ, ತಾವು ಎರಡು ವರ್ಷದ ಹಿಂದೆ ಮರದ ಕೆಳಗೆ ನಿಂತು ಕಾದದ್ದು ಇದಕ್ಕೇ ಎಂದು ಹೊಳೆಯಿತು. ಆದರೂ ಜೇಬಿನ ಪ್ರಶ್ನೆಗಳನ್ನು ಬಿಡಲಿಲ್ಲ.

"ಕಲಿಸೋರ ಹೆಸರೇನು?"

"ನಾನೇ."

"ಮೊದಲನೇ ವಾರ ಕೈಗೆ ಏನು ಕೊಡ್ತೀರ?"

"ನಿಮ್ಮ ಕನ್ನಡಕ," ಎಂದಳು ಮೇಲ್ವಿಚಾರಕಿ. "ಹಾಳು ಮಾಡಿದ್ರೂ ನಷ್ಟ ಇಲ್ಲ, ಆಗ್ಲೇ ಹಾಳಾಗಿದೆ."

ಮೂರನೆಯದನ್ನು ಅವರು ಕೇಳಲಿಲ್ಲ. ಅದರ ಉತ್ತರ ಅವರ ಬಳಿಯೇ ಇತ್ತು.

ಶುಕ್ರವಾರ ಮಧ್ಯಾಹ್ನ ಪತ್ರ ಬಂತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು, ಮೊಹರು ನೋಡಿದರು, ತಾರೀಖು ಎರಡು ಸಲ ಓದಿದರು. ಇಸ್ತ್ರಿಯಕ್ಕ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು. ಕಚೇರಿ ಮುಚ್ಚಲು ಹತ್ತು ನಿಮಿಷವಿರುವಾಗ ಸಹಿ ಬಿತ್ತು.

ಮೊದಲ ವಾರ ಅವಳು ಮೇಷ್ಟ್ರ ಕನ್ನಡಕಕ್ಕೆಂದು ಉಜ್ಜಿದ ಹೊಸ ಗಾಜು ಒಡೆಯಿತು. ಎರಡನೆಯದನ್ನು ಮೇಲ್ವಿಚಾರಕಿಯೇ ಕಸದಬುಟ್ಟಿಗೆ ಹಾಕಿದಳು. ಒಂಬತ್ತನೆಯ ವಾರ ತಂದುಕೊಟ್ಟದ್ದನ್ನು ಹಾಕಿಕೊಂಡು ಮೇಷ್ಟ್ರು ಕೋಣೆಯಿಂದ ಹೊರಗೆ ಬಂದು, ಕಾಲೇಜಿನ ಮೆಟ್ಟಿಲನ್ನು ತಲೆ ನೆಟ್ಟಗಿಟ್ಟು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ನೋಡೋಣ, ಒಂದು ವಾರ ಆಗಲಿ," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಕೇಳಿದವರಿಲ್ಲ. "ಮೊದಲು ಓರೆಯಾಗಿ ಅನುಮಾನ ಪಡ್ತಿದ್ರು, ಈಗ ನೆಟ್ಟಗೆ ಪಡ್ತಾರೆ, ಅಷ್ಟೇ ವ್ಯತ್ಯಾಸ," ಎಂದಳು ಹೆಂಡತಿ.

ತರಬೇತಿ ಮುಗಿದ ಮೇಲೂ ಇಸ್ತ್ರಿಯಕ್ಕ ಅಲ್ಲೇ ಉಳಿದಳು. 'ಉಳಿದವರು' ಎಂಬ ಕಡೆ ಮೊದಲ ಹೆಸರು ಅವಳದು.

ಹಲಗೆಯ ಮೇಲಿನ ಚುಕ್ಕಿಗಳನ್ನು ಮೇಷ್ಟ್ರು ಅವಳ ಪತ್ರಕ್ಕೆ ಸಹಿ ಹಾಕಿದ ವಾರವೇ ರಬ್ಬರಿನಿಂದ ಅಳಿಸಿದ್ದರು, ಇಪ್ಪತ್ತಮೂರು ಕಾರ್ಡು. ಅನುಮಾನವಿದ್ದರೆ ಇನ್ನು ಮುಂದೆ ಬರೆದೇ ತಿಳಿಸುವುದೆಂದು ಗೊತ್ತುಮಾಡಿಕೊಂಡರು. 'ಒಳಗೆ ಬಿಡಲಿಲ್ಲ, ಕಾರಣ ಕೇಳಿಲ್ಲ.' 'ಚಿಲಕ ಮುರಿದಿದೆ, ಹಾಕಿಸುತ್ತೇವೆ ಎಂದರು, ನಂಬಿಲ್ಲ.' 'ನಾನು ಇನ್ನೂ ನೋಡಿಲ್ಲ.' ಹುಡುಗರು ಕಾರ್ಡಿನ ಮುಂದೆ ನಿಂತು ಓದಿ ಓದಿ ನಗುತ್ತಿದ್ದರು. ಆಮೇಲೆ ತಾವೇ ಹೋಗಿ ನೋಡಿ ಬಂದು, ಕೆಳಗೆ ತಮ್ಮದೊಂದು ಸಾಲು ಸೇರಿಸತೊಡಗಿದರು. ಅದನ್ನೂ ಮೇಷ್ಟ್ರು ಪೂರ್ತಿ ನಂಬುತ್ತಿರಲಿಲ್ಲ.

ಅವರು ಹೋದದ್ದು ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಕುರ್ಚಿಯಲ್ಲಿ ಕೂತಲ್ಲೇ. ಕನ್ನಡಕ ಮೂಗಿನ ಮೇಲೇ ಇತ್ತು. ಹೊಲಿಯುತ್ತಿದ್ದ ಹೆಂಡತಿ ಅವರು ಏನೋ ಯೋಚನೆ ಮಾಡುತ್ತಿದ್ದಾರೆಂದೇ ತಿಳಿದಿದ್ದಳು.

ಮರುದಿನ ಲೈಬ್ರರಿಯವರು ಕೋಣೆಯ ಬೀಗ ತೆಗೆದರು. ಜೊತೆಯಲ್ಲಿ ಇಸ್ತ್ರಿಯಕ್ಕ ಇದ್ದಳು. ಹಲಗೆಯ ಮೇಲೆ ಹೊಸದೊಂದು ಕಾರ್ಡಿತ್ತು: ಬಾಗಿಲು, ಕಿಟಕಿಗೆ ಬಣ್ಣ ಬಳಿಯುವ ಒಂದು ಕಾರ್ಖಾನೆ, ತರಬೇತಿಗೆ ನಾಲ್ಕು ಜನ ಬೇಕು. ಕೆಳಗೆ ಆ ಚೆಂದದ ಅಕ್ಷರದಲ್ಲಿ: 'ನಾನು ಇನ್ನೂ ನೋಡಿಲ್ಲ. ಸೋಮವಾರ ಹೋಗುತ್ತೇನೆ.'

ಇಬ್ಬರೂ ಅದನ್ನು ಓದಿದರು. ಲೈಬ್ರರಿಯವರು ಕನ್ನಡಕ ಒರೆಸಲು ಹೊರಟವರು ಒರೆಸುತ್ತಲೇ ಉಳಿದರು.

"ಇವತ್ತು ಸೋಮವಾರ ಅಲ್ವಾ ಅಣ್ಣ?" ಎಂದಳು ಇಸ್ತ್ರಿಯಕ್ಕ. ಕಾರ್ಡು ಕಿತ್ತು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಐದಕ್ಕೆ ಇನ್ನೂ ಹೊತ್ತಿತ್ತು. ಅವಳು ಆ ಕಾರ್ಖಾನೆಯ ಎದುರಿನ ರಸ್ತೆಯಲ್ಲಿ ನಿಲ್ಲಲಿಲ್ಲ. ನೇರ ಗೇಟಿಗೆ ಹೋಗಿ, ತಾನು ಯಾರು, ಎಲ್ಲಿಂದ ಬಂದವಳು, ಯಾಕೆ ಬಂದವಳು ಎಂದು ಕಾವಲುಗಾರನಿಗೆ ಬಿಡಿಸಿ ಹೇಳಿದಳು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮೊನ್ನೆ ಫೋನ್ ಮಾಡಿದೋರು ಯಾರೋ ಗಂಡಸು. ಸೋಮವಾರ ನಾನೇ ಬರ್ತೀನಿ ಅಂದಿದ್ರು."

"ಹೌದು," ಎಂದಳು ಇಸ್ತ್ರಿಯಕ್ಕ. "ಅವರಿಗೆ ಬರೋಕಾಗಲಿಲ್ಲ. ಒಂದು ಮಾತು ಹೇಳಣ್ಣ. ಹೋದ ಸಲ ಕಲಿಯೋಕೆ ಅಂತ ಬಂದವರು ಈಗ ಎಲ್ಲಿದ್ದಾರೆ?"

ಕಾವಲುಗಾರ ತಡವರಿಸಿದ. ಅವಳು ಚೀಲದಿಂದ ಕಾರ್ಡು, ಪೆನ್ಸಿಲು ತೆಗೆದಳು. ಕಾರ್ಡಿನ ಮೂಲೆ ಬಿಟ್ಟು, ಮೇಷ್ಟ್ರ ಸಾಲಿನ ಕೆಳಗೆ ಬರೆಯತೊಡಗಿದಳು.